ಹದಿನಾಲ್ಕು ತಿಂಗಳಲ್ಲಿ ಪಳಗಿದ ವೋಕ್

ಕೆಲಸ ಮುಗಿಸಿ ನಾನು ಮನೆ ಸೇರುವಾಗ ಸಂಜೆ ಏಳು ಗಂಟೆ. ಏಳೂವರೆಗೆ ಮೂರು ತಟ್ಟೆ ಬಡಿಸಿರಬೇಕು: ಅತ್ತೆಗೆ, ಹದಿನೈದು ವರ್ಷದ ಮಗನಿಗೆ, ನನಗೆ. ಈ ಅರ್ಧ ಗಂಟೆಯ ಅಡುಗೆಗೆಂದೇ ಹದಿನಾಲ್ಕು ತಿಂಗಳ ಹಿಂದೆ ಕಾರ್ಬನ್ ಸ್ಟೀಲ್‌ನ ವೋಕ್, ಅಂದರೆ ಬಾಣಲೆಯಂಥ ಅಗಲ ಪಾತ್ರೆ, ಒಂದನ್ನು ಕೊಂಡೆ. ಚೀನಾ, ಥಾಯ್ಲೆಂಡ್, ವಿಯೆಟ್ನಾಂ, ಜಪಾನ್ ಕಡೆಯ ಮನೆಯಡುಗೆಯಲ್ಲಿ ಬಹುಪಾಲು ಐದಾರು ನಿಮಿಷಕ್ಕೆ ಬೇಯುವಂಥದ್ದು, ಅದಕ್ಕೆ ಇದೇ ಸರಿಯಾದ ಪಾತ್ರೆ ಎಂದು ಓದಿದ್ದೆ. ಕೊಂಡ ವಾರವೇ ಅಭಿಪ್ರಾಯ ಬರೆದಿದ್ದರೆ ಐದಕ್ಕೆ ಎರಡು ಅಂಕ ಕೊಡುತ್ತಿದ್ದೆ. ಈಗ ನಾಲ್ಕೂವರೆ ಕೊಡುತ್ತೇನೆ. ಈ ನಡುವೆ ಪಾತ್ರೆ ಪಳಗಿತು, ಒಂದು ಸಲಕ್ಕೆ ಅದಕ್ಕೆ ಎಷ್ಟು ಹಾಕಬೇಕೆಂಬ ಅಳತೆ ನನಗೂ ಬಂತು. ಎರಡನೆಯದೇ ಹೆಚ್ಚು ಮುಖ್ಯ ಅನ್ನುವುದು ನನ್ನ ಅನುಭವ. ಅದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಪಾತ್ರೆಯ ವಿಷಯ. ವ್ಯಾಸ 32 ಸೆಂ.ಮೀ., ಉಕ್ಕಿನ ದಪ್ಪ 1.5 ಮಿ.ಮೀ., ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ತೂಕ 1,620 ಗ್ರಾಂ. ತಳ ಸಪಾಟು. ಒಂದು ಬದಿಗೆ ಮರದ ಉದ್ದ ಹಿಡಿ, ಎದುರು ಬದಿಗೆ ಚಿಕ್ಕದೊಂದು ಮರದ ಗುಬುಟು. ಕಾರ್ಬನ್ ಸ್ಟೀಲ್ ಅಂದರೆ ಕಬ್ಬಿಣಕ್ಕೆ ಅಲ್ಪಸ್ವಲ್ಪ ಇಂಗಾಲ ಸೇರಿದ ಉಕ್ಕು, ಅಷ್ಟೇ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವ ಕ್ರೋಮಿಯಂ ರಕ್ಷಣೆ ಇದಕ್ಕಿಲ್ಲ. ಒದ್ದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ಆದರೆ ತೆಳ್ಳಗಿರುವ ಕಾರಣ ಬೇಗ ಕಾಯುತ್ತದೆ, ಉರಿ ಇಳಿಸಿದ ತಕ್ಷಣ ಬಿಸಿಯೂ ಇಳಿಯುತ್ತದೆ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರುವುದಕ್ಕೂ ಸೀದುಹೋಗುವುದಕ್ಕೂ ನಡುವೆ ಹತ್ತು ಸೆಕೆಂಡ್ ಮಾತ್ರ ಇರುವ ಅಡುಗೆಯಲ್ಲಿ ಈ ಗುಣ ಎಷ್ಟು ದೊಡ್ಡದು ಎಂದು ಬಳಸಿದ ಮೇಲೆ ತಿಳಿಯಿತು. ‘ವೋಕ್’ ಎನ್ನುವುದು ಕ್ಯಾಂಟನೀಸ್ ಮಾತು. ಇದೇ ಆಕಾರದ ಪಾತ್ರೆಗೆ ಇಂಡೋನೇಷ್ಯಾದಲ್ಲಿ ವಾಜನ್, ಮಲಯ್ ಭಾಷೆಯಲ್ಲಿ ಕುವಾಲಿ, ಫಿಲಿಪ್ಪೀನ್ಸ್‌ನಲ್ಲಿ ಕವಾಲಿ ಎನ್ನುತ್ತಾರೆ. ಇಷ್ಟು ದೇಶಗಳ ಅಡುಗೆಮನೆಗಳಲ್ಲಿ ಒಂದೇ ಆಕಾರ ಉಳಿದುಕೊಂಡಿದೆ: ಚೂರು ಎಣ್ಣೆ ನಡುವಿಗೆ ಬಂದು ಸೇರುತ್ತದೆ, ಬೆಂದದ್ದನ್ನು ಅಂಚಿಗೆ ಸರಿಸಿ ಬೇಯದ್ದನ್ನು ನಡುವಿಗೆ ತರಬಹುದು.

ನಾನು ತೂಕ ನೋಡಿ ಕೊಂಡದ್ದಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ಎಡ ಮಣಿಕಟ್ಟು ಮುರಿದಿತ್ತು, ಭಾರ ಎತ್ತಿದರೆ ಇವತ್ತಿಗೂ ನೋಯುತ್ತದೆ. ಹೋಟೆಲಿನ ಬಾಣಸಿಗರು ಅನ್ನವನ್ನು ಗಾಳಿಗೆ ಚಿಮ್ಮಿಸಿ ಹಿಡಿಯುವುದನ್ನು ನೋಡಿ ಇದು ನನ್ನಿಂದ ಆಗದ ಕೆಲಸ ಅಂದುಕೊಂಡಿದ್ದೆ. ಆದರೆ ಅಮೆರಿಕದ ಜಾರ್ಜಿಯಾ ಟೆಕ್‌ನ ಹಂಗ್‌ಟಾಂಗ್ ಕೋ ಮತ್ತು ಡೇವಿಡ್ ಹು ಎಂಬಿಬ್ಬರು ತೈವಾನ್ ಮತ್ತು ಚೀನಾದ ಬಾಣಸಿಗರ ಕೈಚಳಕವನ್ನು ಚಿತ್ರೀಕರಿಸಿ, ಅಳೆದು, 2020ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ ನನ್ನ ಹೆದರಿಕೆ ಹೋಯಿತು. ಆ ಬಾಣಸಿಗರು ವೋಕನ್ನು ಎತ್ತಿ ಹಿಡಿದಿರುವುದಿಲ್ಲ. ಒಲೆಯ ಅಂಚಿಗೆ ಅದನ್ನು ಆನಿಸಿ, ಏತದ ಹಾಗೆ ತೂಗುತ್ತಾ ಹಿಂದಕ್ಕೂ ಮುಂದಕ್ಕೂ ಜಾರಿಸುತ್ತಾರೆ. ಸೆಕೆಂಡಿಗೆ ಸುಮಾರು ಮೂರು ಸಲ. ಭಾರ ಹೊರುವುದು ಒಲೆ. ಸಪಾಟು ತಳದ ನನ್ನ ವೋಕ್ ಅಷ್ಟು ಸಲೀಸಾಗಿ ತೂಗುವುದಿಲ್ಲ, ಸೆಕೆಂಡಿಗೆ ಮೂರು ಸಲವಂತೂ ನನ್ನಿಂದಾಗದು. ಆದರೂ ಹಿಡಿಯನ್ನು ಸ್ವಲ್ಪವೇ ಮೇಲೆತ್ತಿ, ಮುಂದಿನ ಅಂಚು ಒಲೆಯ ಮೇಲೇ ಇರುವಂತೆ ಜಾರಿಸಿದರೆ ಅನ್ನ ತಾನೇ ಮಗುಚಿಕೊಳ್ಳುತ್ತದೆ. ಮಣಿಕಟ್ಟಿಗೆ ನೋವಾಗುವುದಿಲ್ಲ. ಕೈ ನೋವಿರುವವರು 36 ಸೆಂ.ಮೀ.ನ, ಎರಡು ಕೆಜಿ ದಾಟಿದ ವೋಕ್‌ಗೆ ಹೋಗಬೇಡಿ. 32 ಸಾಕು. ಎತ್ತಲೇಬೇಕಾದಾಗ ಎದುರಿನ ಗುಬುಟನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಗುಬುಟಿಲ್ಲದ ವೋಕನ್ನು ನಾನು ಯಾರಿಗೂ ಕೊಳ್ಳಿ ಎನ್ನುವುದಿಲ್ಲ.

ಮೊದಲ ದಿನದ ಕಥೆ ಹೇಳಬೇಕು, ಬಹಳ ಜನ ಸೋಲುವುದು ಅಲ್ಲೇ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ‘ಬಳಸುವ ಮೊದಲು ತೊಳೆಯಿರಿ’ ಎಂಬ ಒಂದೇ ಸಾಲಿತ್ತು. ಇಂಥ ವೋಕ್‌ಗಳಿಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲೇ ಎಣ್ಣೆಯೋ ಮೇಣವೋ ಬಳಿದಿರುತ್ತಾರೆ. ಅದು ಸುಮ್ಮನೆ ತೊಳೆದರೆ ಹೋಗುವಂಥದ್ದಲ್ಲ. ಬಿಸಿನೀರು, ಸೋಪು, ಸ್ಟೀಲ್ ಸ್ಕ್ರಬ್ಬರ್ ಹಿಡಿದು ಒಳಗೂ ಹೊರಗೂ ಇಪ್ಪತ್ತು ನಿಮಿಷ ಉಜ್ಜಬೇಕಾಯಿತು. ಕೈಗೆ ಜಿಡ್ಡು ಹತ್ತುವುದು ನಿಂತ ಮೇಲೆ ಒರೆಸಿ, ಕಿಟಕಿಗಳನ್ನೆಲ್ಲ ತೆರೆದು, ಖಾಲಿ ವೋಕನ್ನು ದೊಡ್ಡ ಉರಿಗೆ ಇಟ್ಟೆ. ಬೂದು ಬಣ್ಣದ ಉಕ್ಕಿನ ನಡುವೆ ಮೊದಲು ತಿಳಿಹಳದಿ ಬಣ್ಣ ಮೂಡಿತು, ಆಮೇಲೆ ಜೇನಿನ ಕಂದು, ಆಮೇಲೆ ಒಂದು ಕ್ಷಣ ನೇರಳೆ, ಕೊನೆಗೆ ನವಿಲುಗರಿಯಂಥ ನೀಲಿ. ಒಂದೊಂದು ಬಣ್ಣವೂ ಉಂಗುರದ ಹಾಗೆ ಹೊರಕ್ಕೆ ಸರಿಯುತ್ತಿತ್ತು, ಅದರ ಬೆನ್ನಿಗೇ ಮುಂದಿನದು. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹಳದಿ, 300ರ ಹತ್ತಿರ ನೀಲಿ ಕಾಣುತ್ತದೆ. ಮೇಲ್ಮೈಯ ಆಕ್ಸೈಡ್ ಪದರ ದಪ್ಪವಾಗುತ್ತಾ ಹೋದ ಹಾಗೆ ಬಣ್ಣ ಬದಲಾಗುತ್ತದೆ. ನಾನು ವೋಕನ್ನು ಓರೆ ಮಾಡಿ, ಅಂಚಿನವರೆಗೂ ಆ ನೀಲಿ ಹರಡುವ ತನಕ ತಿರುಗಿಸುತ್ತಲೇ ಇದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ಪಾತ್ರೆ ಸುಟ್ಟುಹೋಯ್ತಲ್ಲಮ್ಮಾ’ ಎಂದರು. ‘ಇಲ್ಲ ಅತ್ತೆ, ಇದು ಹೀಗೇ ಆಗ್ಬೇಕು’ ಎಂದೆ. ನಿಜ ಹೇಳಬೇಕೆಂದರೆ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಎಣ್ಣೆ. ಬಟ್ಟೆಗೆ ನಾಲ್ಕೈದು ಹನಿ ಎಣ್ಣೆ ಹಾಕಿ ಬಿಸಿ ವೋಕ್‌ಗೆಲ್ಲ ತೆಳ್ಳಗೆ ಸವರಬೇಕು. ಸವರಿದ ಮೇಲೆ ಇನ್ನೊಂದು ಒಣ ಬಟ್ಟೆಯಿಂದ, ಎಣ್ಣೆಯನ್ನು ತಪ್ಪಾಗಿ ಹಚ್ಚಿಬಿಟ್ಟಿದ್ದೇವೆ ಎಂಬ ಹಾಗೆ, ಪೂರ್ತಿ ಒರೆಸಿ ತೆಗೆಯಬೇಕು. ಉಳಿಯುವ ಕಣ್ಣಿಗೆ ಕಾಣದಷ್ಟು ಎಣ್ಣೆ ಸಾಕು. ಆ ಕಾವಿನಲ್ಲಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಪಾತ್ರೆ ಪಳಗಿಸುವುದು ಎಂದರೆ ಇದೇ. ಹೆಚ್ಚು ಎಣ್ಣೆ ಬಿಟ್ಟರೆ ಪದರ ಗಟ್ಟಿಯಾಗದೆ ಅಂಟಂಟಾಗುತ್ತದೆ. ನಾನು ಮೊದಲ ಸಲ ಧಾರಾಳವಾಗಿ ಹಚ್ಚಿ ಕೆಡಿಸಿದೆ, ಮತ್ತೆ ಉಜ್ಜಿ ಶುರು ಮಾಡಬೇಕಾಯಿತು. ಎರಡನೇ ಸಲ ಹೀಗೆ ತೆಳ್ಳಗೆ ಮೂರು ಪದರ ಹಾಕಿದೆ. ಸರಿಹೋಯಿತು.

ಆದರೂ ಮೊದಲ ಮೂರು ವಾರ ಮೊಟ್ಟೆ ಅಂಟಿಕೊಂಡಿತು. ಅದಕ್ಕೇ ಆಗ ಎರಡು ಅಂಕ ಅಂದದ್ದು. ತಪ್ಪು ಪಾತ್ರೆಯದ್ದಲ್ಲ, ನಾನು ಅದನ್ನು ಸಾಕಷ್ಟು ಕಾಯಿಸುತ್ತಿರಲಿಲ್ಲ. ಈಗ ನೋಡುವ ಗುರುತು ಇದು: ಖಾಲಿ ವೋಕ್‌ಗೆ ಒಂದು ಹನಿ ನೀರು ಹಾಕಿ. ಚುರ್ ಎಂದು ಕುದಿದು ಆರಿದರೆ ಕಾದಿಲ್ಲ. ಮುತ್ತಿನ ಹಾಗೆ ದುಂಡಗೆ ನಿಂತು ಆ ಕಡೆಯಿಂದ ಈ ಕಡೆಗೆ ಓಡಾಡಿದರೆ ಕಾದಿದೆ. ಹನಿಯ ಅಡಿಯಲ್ಲಿ ಹಬೆಯ ಮೆತ್ತೆ ಉಂಟಾಗಿ ಅದು ಉಕ್ಕಿಗೆ ತಾಗದೆ ತೇಲುತ್ತದೆ. 1756ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲೈಡನ್‌ಫ್ರಾಸ್ಟ್ ಹೆಸರಿನಲ್ಲೇ ಈ ವಿದ್ಯಮಾನವನ್ನು ಕರೆಯುತ್ತಾರೆ. ಮುತ್ತು ಓಡಿದ ಮೇಲೆ ಅದನ್ನು ಒರೆಸಿ, ಎಣ್ಣೆ ಹಾಕಿ, ಒಮ್ಮೆ ಸುತ್ತಿಸಿ, ಆಗ ಮೊಟ್ಟೆ ಒಡೆಯಬೇಕು. ‘ಬಿಸಿ ವೋಕ್, ತಣ್ಣನೆ ಎಣ್ಣೆ’ ಎಂದು ಚೀನೀ ಅಡುಗೆಯಲ್ಲಿ ಹೇಳುವುದು ಇದನ್ನೇ. ಅವತ್ತಿನಿಂದ ಮೊಟ್ಟೆ ಅಂಟಿಲ್ಲ.

ಈಗ ಅಳತೆಯ ವಿಷಯ. ನನ್ನ ಕೆಲಸ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ತೂಗಿ ನೋಡದೆ ಸಮಾಧಾನವಾಗುವುದಿಲ್ಲ. ಚೀನಾದ ಸಿಚುವಾನ್ ಕಡೆ ಎಳೆ ಬೀನ್ಸನ್ನು ಸುಕ್ಕುಗಟ್ಟುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಸೋಯಾ ಸಾಸ್ ಸೇರಿಸುವ ಒಂದು ಪಲ್ಯವಿದೆ. ಅದನ್ನು ಮೊದಲ ಸಲ ಮಾಡಿದಾಗ ಅರ್ಧ ಕೆಜಿ ಬೀನ್ಸನ್ನು ಒಟ್ಟಿಗೇ ಸುರಿದೆ. ಚುಂಯ್ ಎಂಬ ಸದ್ದು ಹತ್ತು ಸೆಕೆಂಡಿಗೇ ನಿಂತುಹೋಯಿತು. ತಳದಲ್ಲಿ ನೀರು ಕಾಣಿಸಿಕೊಂಡಿತು. ಹನ್ನೊಂದು ನಿಮಿಷವಾದರೂ ಬೀನ್ಸ್ ಬೇಯಿಸಿದ ಹಾಗಿತ್ತು, ಹುರಿದ ಹಾಗಿರಲಿಲ್ಲ. ಮುಂದಿನ ವಾರ ಅದೇ ಅರ್ಧ ಕೆಜಿಯನ್ನು ಎರಡು ಪಾಲು ಮಾಡಿ ಹುರಿದೆ. ಮೊದಲ ಪಾಲು ನಾಲ್ಕು ನಿಮಿಷ, ಎರಡನೆಯದೂ ನಾಲ್ಕು. ಒಟ್ಟು ಎಂಟು ನಿಮಿಷ, ಮೂರು ನಿಮಿಷ ಉಳಿತಾಯವೇ ಆಯಿತು. ಮೈಮೇಲೆ ಕಂದು ಕಲೆಗಳು, ಒಳಗೆ ರಸ, ಕಚ್ಚಿದರೆ ಕರುಂ ಎನ್ನುವ ಹದ.

ಕಾರಣ ಸರಳ. ತರಕಾರಿಯಲ್ಲಿ ಬಹುಪಾಲು ನೀರೇ ಇರುವುದು. ಒಂದು ಗ್ರಾಂ ನೀರನ್ನು ಹಬೆ ಮಾಡಲು, ಅದನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವುದರ ಐದು ಪಟ್ಟಿಗೂ ಹೆಚ್ಚು ಶಾಖ ಬೇಕು. ಮೇಲ್ಮೈಯಲ್ಲಿ ನೀರು ಇರುವ ತನಕ ತರಕಾರಿ 100 ಡಿಗ್ರಿ ದಾಟುವುದಿಲ್ಲ. ಹುರಿದ ಪರಿಮಳವನ್ನೂ ಕಂದು ಬಣ್ಣವನ್ನೂ ಕೊಡುವ ಮೈಲಾರ್ಡ್ ಕ್ರಿಯೆ ಚುರುಕಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಹೋಟೆಲಿನ ವೋಕ್ ಒಲೆ ಮನೆಯ ಒಲೆಗಿಂತ ಹಲವು ಪಟ್ಟು ಜೋರು, ಅಲ್ಲಿ ಬಂದ ನೀರು ಬಂದ ಹಾಗೇ ಹಬೆಯಾಗಿ ಹಾರಿಹೋಗುತ್ತದೆ. ನಮ್ಮ ಒಲೆ ಅಷ್ಟು ಕೊಡಲಾರದು, ಹಾಗಿರುವಾಗ ನಾವು ನೀರನ್ನೇ ಕಡಿಮೆ ಕೊಡಬೇಕು. ನನ್ನ ಲೆಕ್ಕ ಹೀಗಿದೆ: 32 ಸೆಂ.ಮೀ. ವೋಕ್‌ಗೆ ಒಂದು ಸಲಕ್ಕೆ 250 ಗ್ರಾಂ ತರಕಾರಿ, ಇಲ್ಲವೇ 200 ಗ್ರಾಂ ಕೋಳಿ, ಇಲ್ಲವೇ 350 ಗ್ರಾಂ ಅನ್ನ. ಮೂವರಿಗೆ ಮಾಡುವಾಗ ಎರಡು ಸಲ ಹುರಿಯುತ್ತೇನೆ. ಕಿವಿಯೂ ಹೇಳುತ್ತದೆ. ಸದ್ದು ಇಳಿಯಿತೆಂದರೆ ಹೆಚ್ಚಾಯಿತು ಎಂದೇ ಅರ್ಥ, ಆಗ ಅರ್ಧವನ್ನು ತಟ್ಟೆಗೆ ತೆಗೆದುಬಿಡಿ.

ಈ ಒಂದು ಅಳತೆ ಕೈಗೆ ಬಂದ ಮೇಲೆ ವೋಕ್‌ನ ಬಗ್ಗೆ ನನಗಿದ್ದ ದೂರುಗಳಲ್ಲಿ ಅರ್ಧಕ್ಕರ್ಧ ಮಾಯವಾದವು.

ಸೊಪ್ಪಿನಿಂದ ಹೇಳುತ್ತೇನೆ, ವಾರದಲ್ಲಿ ಮೂರು ದಿನ ಮಾಡುವುದು ಅದನ್ನೇ. ವಿಯೆಟ್ನಾಂನಲ್ಲಿ ನೀರು ಪಾಲಕ್ಕನ್ನು ಬೆಳ್ಳುಳ್ಳಿ ಜತೆ ಹುರಿಯುವುದು ದಿನನಿತ್ಯದ ಅಡುಗೆ. ಚೀನಾದಲ್ಲಿ ಅದೇ ಕ್ರಮದಲ್ಲಿ ಯಾವ ಹಸಿರು ಸೊಪ್ಪನ್ನಾದರೂ ಮಾಡುತ್ತಾರೆ. ಸೊಪ್ಪು ತೊಳೆದು ಚೆನ್ನಾಗಿ ನೀರು ಬಸಿಯಬೇಕು, ಇಲ್ಲಿ ಆತುರ ಮಾಡಿದರೆ ಕೆಟ್ಟಿತು. ದಂಟು ಬೇರೆ, ಎಲೆ ಬೇರೆ. ಬೆಳ್ಳುಳ್ಳಿ ಆರು ಎಸಳು, ಜಜ್ಜಿದ್ದು. ಎಣ್ಣೆ ಒಂದೂವರೆ ಚಮಚ. ಬೆಳ್ಳುಳ್ಳಿ ಘಮ್ಮೆಂದ ತಕ್ಷಣ ದಂಟು ಹಾಕಿ ಅರ್ಧ ನಿಮಿಷ, ಎಲೆ ಹಾಕಿ ಮುಕ್ಕಾಲು ನಿಮಿಷ, ಉಪ್ಪು, ಕೊನೆಗೆ ಅಂಚಿನಿಂದ ಇಳಿಯುವ ಹಾಗೆ ಒಂದು ಚಮಚ ಸೋಯಾ ಸಾಸ್ ಅಥವಾ ಫಿಶ್ ಸಾಸ್. ಸಾಸನ್ನು ಸೊಪ್ಪಿನ ಮೇಲೆ ಹಾಕಬಾರದು, ಕಾದ ಉಕ್ಕಿನ ಮೇಲೆ ಹಾಕಬೇಕು. ಅದು ಉಕ್ಕಿಗೆ ತಾಗಿ ನೊರೆಯೆದ್ದು ಸ್ವಲ್ಪ ಕರಿಯಾಗುವಾಗ ಬರುವ ವಾಸನೆಗೆ ನನ್ನ ಮಗ ಕೋಣೆಯಿಂದ ಎದ್ದು ಬರುತ್ತಾನೆ. ಎರಡು ನಿಮಿಷದೊಳಗೆ ತಟ್ಟೆಗೆ. ಬಣ್ಣ ಹಸಿರಾಗಿಯೇ ಇರುತ್ತದೆ.

ಹುರಿದ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರೆ ನಾನು ಬಳಸಿಲ್ಲ. ಜಪಾನಿನ ಚಾಹನ್, ಇಂಡೋನೇಷ್ಯಾದ ಸಿಹಿ ಸೋಯಾ ಸಾಸ್ ಹಾಕಿದ ನಾಸಿ ಗೊರೆಂಗ್, ಬರಿಯ ಬೆಳ್ಳುಳ್ಳಿ ಉಪ್ಪಿನಲ್ಲಿ ಮುಗಿಯುವ ಫಿಲಿಪ್ಪೀನ್ಸ್‌ನ ಸಿನಂಗಾಗ್, ಹುಳಿ ಬಂದ ಕಿಮ್ಚಿ (ಎಲೆಕೋಸಿನ ಉಪ್ಪಿನಕಾಯಿ) ಹಾಕಿ ಹುರಿಯುವ ಕೊರಿಯಾದ ಅನ್ನ, ನಾಲ್ಕನ್ನೂ ಮಾಡಿದ್ದೇನೆ. ನಾಲ್ಕಕ್ಕೂ ಬೇಕಾದದ್ದು ತಣ್ಣಗಾದ ಹಿಂದಿನ ದಿನದ ಅನ್ನ. ಫ್ರಿಜ್‌ನಲ್ಲಿ ಅನ್ನದ ಪಿಷ್ಟ ಮತ್ತೆ ಗಟ್ಟಿಕಟ್ಟಿಕೊಂಡು ಅಗುಳು ಬಿಡಿಬಿಡಿಯಾಗುತ್ತದೆ, ಬಿಸಿ ಅನ್ನ ಹಾಕಿದರೆ ಮುದ್ದೆಯಾಗುತ್ತದೆ. ಇಲ್ಲಿ ಲ್ಯಾಬಿನವಳಾಗಿ ಒಂದು ಮಾತು ಹೇಳಲೇಬೇಕು. ‘ಹಿಂದಿನ ದಿನದ ಅನ್ನ’ ಎಂದರೆ ರಾತ್ರಿಯಿಡೀ ಕಟ್ಟೆಯ ಮೇಲೆ ಬಿಟ್ಟ ಅನ್ನವಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ನಾನು ಅನ್ನವನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸುತ್ತೇನೆ, ಮರುದಿನ ಮುಗಿಸುತ್ತೇನೆ.

ಹುರಿಯುವ ಕ್ರಮ ಹೀಗೆ. ಮೊದಲು ಎರಡು ಮೊಟ್ಟೆಯನ್ನು ಎಣ್ಣೆಯಲ್ಲಿ ಅರ್ಧ ಬೇಯಿಸಿ ತೆಗೆದಿಡುವುದು. ಆಮೇಲೆ ವೋಕನ್ನು ಮತ್ತೆ ಕಾಯಿಸಿ ಎಣ್ಣೆ, ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಅನ್ನ. ಸೌಟಿನ ಬೆನ್ನಿನಿಂದ ಗಂಟುಗಳನ್ನು ಒತ್ತಿ ಒಡೆದು, ಅನ್ನವನ್ನು ಅರ್ಧ ನಿಮಿಷ ಮುಟ್ಟದೆ ಬಿಡಬೇಕು. ಕೈ ಸುಮ್ಮನಿರುವುದಿಲ್ಲ, ಆದರೂ ಬಿಡಬೇಕು. ಕೆಲವು ಅಗುಳು ಉಕ್ಕಿನಿಂದ ಪುಟಪುಟನೆ ಹಾರತೊಡಗಿದರೆ ಹದ ಬಂತು. ಆಗ ಮಗುಚಿ, ಮೊಟ್ಟೆ ಸೇರಿಸಿ, ಉಪ್ಪು, ಸೋಯಾ ಸಾಸ್ ಒಂದು ಚಮಚ, ಬಿಳಿ ಮೆಣಸಿನ ಪುಡಿ, ಈರುಳ್ಳಿ ಸೊಪ್ಪಿನ ಹಸಿರು ಭಾಗ. ಸೋಯಾ ಸಾಸ್ ಜಾಸ್ತಿ ಸುರಿದು ಅನ್ನವನ್ನು ಕಂದು ಮಾಡುವುದು ನನಗೆ ಸರಿ ಕಾಣುವುದಿಲ್ಲ, ಅನ್ನ ಒದ್ದೆಯಾಗುತ್ತದೆ.

ಕೋಳಿಗೆ ಚೀನೀ ಮನೆಗಳಲ್ಲಿ ಮಾಡುವ ಒಂದು ಉಪಾಯ ತಿಳಿದಿರಲಿ. ತೆಳ್ಳಗೆ ಸೀಳಿದ 200 ಗ್ರಾಂ ಎದೆ ಮಾಂಸಕ್ಕೆ ಒಂದು ಚಮಚ ಸೋಯಾ ಸಾಸ್, ಎರಡು ಟೀ ಚಮಚ ಕಾರ್ನ್‌ಫ್ಲೋರ್, ಒಂದು ಟೀ ಚಮಚ ಎಣ್ಣೆ ಕಲಸಿ ಹದಿನೈದು ನಿಮಿಷ ಇಡಿ. ಹಿಟ್ಟಿನ ಪದರ ರಸವನ್ನು ಒಳಗೇ ಹಿಡಿದಿಡುತ್ತದೆ, ಮಾಂಸ ನಾರುನಾರಾಗುವುದಿಲ್ಲ. ಪಳಗದ ವೋಕ್‌ನಲ್ಲಿ ಈ ಹಿಟ್ಟು ತಳ ಹಿಡಿಯುತ್ತದೆ, ಹಾಗಾಗಿ ಮೊದಲ ತಿಂಗಳು ಇದಕ್ಕೆ ಕೈ ಹಾಕಬೇಡಿ. ಸೋಯಾ ಹಾಲಿನ ಪನೀರಿನಂಥ ತೋಫುವನ್ನೂ ಒತ್ತಿ ನೀರು ತೆಗೆದು, ಇದೇ ಕಾರ್ನ್‌ಫ್ಲೋರ್ ಉದುರಿಸಿ ಹುರಿಯುತ್ತೇನೆ. ಅತ್ತೆಗೆ ಹಲ್ಲಿನ ತೊಂದರೆ. ಹೊರಗೆ ಗರಿ, ಒಳಗೆ ಬೆಣ್ಣೆಯಂತಿರುವ ತೋಫು ಅವರಿಗೆ ಬಹಳ ಹಿಡಿಸಿದೆ. ನೂಡಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪೂರ್ತಿ ಬೇಯಿಸದೆ ತೆಗೆದು, ತಣ್ಣೀರಲ್ಲಿ ತೊಳೆದು, ಎಣ್ಣೆ ಸವರಿಟ್ಟರೆ ವೋಕ್ ಚೆನ್ನಾಗಿಯೇ ಹುರಿಯುತ್ತದೆ.

ಎಲ್ಲಿ ಸೋಲುತ್ತದೆ ಎಂದೂ ಹೇಳಬೇಕು. ಟೊಮ್ಯಾಟೊ ಮತ್ತು ಮೊಟ್ಟೆ ಸೇರಿಸಿ ಮಾಡುವ ಪಲ್ಯ ಚೀನಾದ ಮನೆಮನೆಯ ಅಡುಗೆ, ಮಕ್ಕಳು ಮೊದಲು ಕಲಿಯುವಷ್ಟು ಸುಲಭ. ಏಳನೇ ವಾರದಲ್ಲಿ ಅದನ್ನು ಮಾಡಿ, ಟೊಮ್ಯಾಟೊ ಕರಗಲಿ ಎಂದು ಹತ್ತು ನಿಮಿಷ ಕುದಿಸಿದೆ. ತೊಳೆಯುವಾಗ ನೋಡಿದರೆ ನಡುವಿನ ಕಪ್ಪು ಪದರ ಅಂಗೈಯಗಲ ಎದ್ದುಹೋಗಿ ಬೂದು ಉಕ್ಕು ಕಾಣುತ್ತಿತ್ತು. ಪಲ್ಯಕ್ಕೂ ಕಬ್ಬಿಣದ ಒಗರು ರುಚಿ ಬಂದಿತ್ತು. ಹುಳಿ ಪಳಗಿದ ಪದರವನ್ನು ತಿನ್ನುತ್ತದೆ. ಈಗ ಆ ಅಡುಗೆಯನ್ನು ಸ್ಟೇನ್‌ಲೆಸ್ ಪಾತ್ರೆಯಲ್ಲಿ ಮಾಡುತ್ತೇನೆ. ಸಾಸ್‌ನಲ್ಲಿ ಬಹಳ ಹೊತ್ತು ಕುದಿಯುವ ಯಾವುದಕ್ಕೂ, ವಿನೆಗರ್ ಹೆಚ್ಚಿರುವ ಯಾವುದಕ್ಕೂ ಇದು ಬೇಡ. ಕೊನೆಯಲ್ಲಿ ಒಂದು ಚಮಚ ವಿನೆಗರ್ ಚಿಮುಕಿಸಿ ತಕ್ಷಣ ಇಳಿಸಿದರೆ ಏನೂ ಆಗಿಲ್ಲ. ಕಿತ್ತುಹೋದ ಪದರ ಎಣ್ಣೆ ಸವರಿ ಕಾಯಿಸಿದ ಮೇಲೆ ಎರಡು ವಾರಕ್ಕೆ ಮರಳಿ ಬಂತು. ಈ ಪಾತ್ರೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಗುಣ ಇದೇ. ನಾನ್‌ಸ್ಟಿಕ್ ಪದರ ಒಮ್ಮೆ ಕಿತ್ತರೆ ಮುಗಿಯಿತು, ಇದರದ್ದನ್ನು ನಾವೇ ಮನೆಯಲ್ಲಿ ಮತ್ತೆ ಕಟ್ಟಬಹುದು.

ನಾನ್‌ಸ್ಟಿಕ್ ವೋಕ್ ಹಿಂದೆ ಇತ್ತು. ಮೊಟ್ಟೆಗೆ ಬಹಳ ಸುಲಭ. ಆದರೆ ಅದರ ಪದರ ಸುಮಾರು 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ, ಖಾಲಿ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಲೇಬಾರದು. ಖಾಲಿ ಪಾತ್ರೆಯನ್ನು ಚೆನ್ನಾಗಿ ಕಾಯಿಸುವುದೇ ಈ ಅಡುಗೆಯ ಮೊದಲ ಹೆಜ್ಜೆ. ಎರಡಕ್ಕೂ ಕೂಡಿಬರುವುದಿಲ್ಲ.

ಸಾಸ್‌ಗಳ ಸಾಲು ಕಟ್ಟಿಡಬೇಕೇನೋ ಎಂದು ಹಿಂಜರಿಯುವವರಿದ್ದಾರೆ. ನನ್ನ ಕಪಾಟಿನಲ್ಲಿರುವುದು ಸೋಯಾ ಸಾಸ್, ಫಿಶ್ ಸಾಸ್, ಹುರಿದ ಎಳ್ಳಿನ ಎಣ್ಣೆ, ಅಕ್ಕಿ ವಿನೆಗರ್ ಮತ್ತು ಕೊರಿಯಾದ ಗೋಚುಜಾಂಗ್ ಮೆಣಸಿನ ಲೇಹ, ಇಷ್ಟೇ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನೇ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಅದರ ಗಾಢ ರುಚಿಗೆ ಕಾರಣವಾದ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಹುದುಗು ಬರಿಸಿದ ಸೋಯಾ ಸಾಸ್‌ನಲ್ಲೂ ಫಿಶ್ ಸಾಸ್‌ನಲ್ಲೂ ಅದು ಧಾರಾಳವಾಗಿದೆ. ಗಂಟೆಗಟ್ಟಲೆ ಕುದಿಸಿ ಬರಿಸುವ ರುಚಿಯನ್ನು ತಿಂಗಳುಗಟ್ಟಲೆ ಹುದುಗಿದ ಬಾಟಲಿ ಮೊದಲೇ ತಂದಿರುತ್ತದೆ, ನಮಗೆ ಉಳಿಯುವುದು ಐದು ನಿಮಿಷದ ಹುರಿಯುವ ಕೆಲಸ. ಎರಡರಲ್ಲೂ ಉಪ್ಪು ಬಹಳ, ಬೇರೆ ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ.

ಸಮಯದ ಲೆಕ್ಕ ಪ್ರಾಮಾಣಿಕವಾಗಿ ಹೇಳುವುದಾದರೆ, ಒಲೆಯ ಮೇಲಿನ ಕೆಲಸ ಐದರಿಂದ ಎಂಟು ನಿಮಿಷ, ಹೆಚ್ಚುವುದು ಹದಿನೈದು ನಿಮಿಷ. ಒಲೆ ಹಚ್ಚಿದ ಮೇಲೆ ಬೆಳ್ಳುಳ್ಳಿ ಸುಲಿಯಲು ಪುರುಸೊತ್ತು ಸಿಗುವುದಿಲ್ಲ. ಹಾಕುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಬಟ್ಟಲುಗಳನ್ನು ಜೋಡಿಸಿ, ಸಾಸ್‌ಗಳನ್ನು ಒಂದೇ ಲೋಟದಲ್ಲಿ ಬೆರೆಸಿಟ್ಟುಕೊಂಡು ಆಮೇಲೆ ಒಲೆ ಹಚ್ಚುತ್ತೇನೆ. ಅನ್ನದ ಹೊಣೆ ಎಲೆಕ್ಟ್ರಿಕ್ ರೈಸ್ ಕುಕ್ಕರ್‌ನದ್ದು. 1955ರಲ್ಲಿ ತೋಷಿಬಾ ಮಾರಾಟಕ್ಕಿಟ್ಟ ಕುಕ್ಕರ್‌ನಲ್ಲಿ ಹೊರಪಾತ್ರೆಯ ನೀರು ಆವಿಯಾಗಿ ಮುಗಿದು ಕಾವು ಏರಿದೊಡನೆ ಸ್ವಿಚ್ ತಾನೇ ಆರುತ್ತಿತ್ತು. ಇಂದಿನವೂ ನೀರು ತೀರಿದೊಡನೆ ಏರುವ ಕಾವನ್ನೇ ನಂಬಿವೆ. ನಾನು ಕೈಕಾಲು ತೊಳೆದು ಬರುವ ಮೊದಲೇ ಮಗ ಅಕ್ಕಿ ತೊಳೆದು ಅದನ್ನು ಹಚ್ಚಿರುತ್ತಾನೆ. ‘ಅಮ್ಮಾ, ಇವತ್ತು ಎರಡು ಪಾಲಾ?’ ಎಂದು ಅವನೇ ತಕ್ಕಡಿ ತೆಗೆದಿಡುತ್ತಾನೆ.

ಕೊಳ್ಳುವ ಮುಂಚೆ ಒಲೆ ನೋಡಿಕೊಳ್ಳಿ. ದುಂಡು ತಳದ ವೋಕ್ ಗ್ಯಾಸ್ ಒಲೆಯ ಮೇಲೆ ಉಂಗುರವಿಲ್ಲದೆ ನಿಲ್ಲುವುದಿಲ್ಲ, ಚಪ್ಪಟೆ ಇಂಡಕ್ಷನ್ ಮೇಲಂತೂ ಪ್ರಯೋಜನವಿಲ್ಲ. ಸಪಾಟು ತಳದ್ದು ಎರಡಕ್ಕೂ ಆಗುತ್ತದೆ. ಆದರೆ ಇಂಡಕ್ಷನ್‌ನಲ್ಲಿ ಒಮ್ಮೆಲೇ ಪೂರ್ತಿ ಏರಿಸಬೇಡಿ. ನನ್ನ ತಂಗಿ ಹಾಗೆ ಮಾಡಿ ಅವಳ ವೋಕ್‌ನ ತೆಳು ತಳ ಉಬ್ಬಿಕೊಂಡಿತು, ಈಗ ಅದು ಬುಗುರಿಯಂತೆ ತಿರುಗುತ್ತದೆ. ಹೊಗೆಯ ಬಗ್ಗೆಯೂ ಎಚ್ಚರ: ಕಿಟಕಿಯಿಲ್ಲದ, ಚಿಮಣಿಯಿಲ್ಲದ ಅಡುಗೆಮನೆಯಲ್ಲಿ ಈ ಅಡುಗೆ ಕಷ್ಟ.

ತೊಳೆಯುವುದಕ್ಕೆ ಎರಡು ನಿಮಿಷ. ಬೆಚ್ಚಗಿರುವಾಗಲೇ ಬಿಸಿನೀರು, ಮೆತ್ತನೆ ಸ್ಕ್ರಬ್ಬರ್. ಜಿಡ್ಡು ಹೆಚ್ಚಿದ್ದರೆ ಎರಡು ಹನಿ ಸೋಪು ಹಾಕಿದರೂ ಪದರಕ್ಕೆ ಏನೂ ಆಗುವುದಿಲ್ಲ. ಆಮೇಲೆ ಒಲೆಯ ಮೇಲಿಟ್ಟು ಕೊನೆಯ ತೇವ ಆರುವ ತನಕ ಕಾಯಿಸಿ, ಒಂದು ಹನಿ ಎಣ್ಣೆ ಸವರಿ ತೂಗುಹಾಕುವುದು. ಸಿಂಕ್‌ನಲ್ಲಿ ನೆನೆಹಾಕಬೇಡಿ. ಒಂದು ರಾತ್ರಿ ಜ್ವರದಿಂದ ಮಲಗಿ ಹಾಗೇ ಬಿಟ್ಟಿದ್ದೆ, ಬೆಳಿಗ್ಗೆ ಕಿತ್ತಳೆ ಬಣ್ಣದ ತುಕ್ಕು ಬಂದಿತ್ತು. ಉಜ್ಜಿ ಎಣ್ಣೆ ಹಚ್ಚಿದ ಮೇಲೆ ಹೋಯಿತು.

ಅರ್ಧ ಅಂಕ ಕಡಿಮೆ ಮಾಡಿದ್ದು ತಯಾರಕರ ಎರಡು ತಪ್ಪಿಗೆ. ಒಂದು, ಆ ಒಂದು ಸಾಲಿನ ಚೀಟಿ. ಕಾರ್ಖಾನೆಯಲ್ಲಿ ಬಳಿದ ಪದರ ತೆಗೆಯುವುದನ್ನೂ ಪಳಗಿಸುವುದನ್ನೂ ಹೇಳದೆ ಇಂಥ ಪಾತ್ರೆ ಮಾರಬಾರದು. ಎಷ್ಟು ಜನ ಮೊದಲ ಮೊಟ್ಟೆ ಅಂಟಿದ ದಿನವೇ ಇದನ್ನು ಅಟ್ಟಕ್ಕೆ ಹಾಕಿರುತ್ತಾರೋ ಎಂದು ನೆನೆದರೆ ಬೇಸರವಾಗುತ್ತದೆ. ಎರಡು, ಹಿಡಿ. ಐದನೇ ತಿಂಗಳಿಗೆ ಮರದ ಹಿಡಿ ಸಡಿಲಾಗಿ, ತುಂಬಿದ ವೋಕ್ ನನ್ನ ನೋವಿನ ಕೈಯಲ್ಲೇ ಅರ್ಧ ಸುತ್ತು ತಿರುಗಿತು. ಬಿಸಿ ಎಣ್ಣೆ ಕಾಲ ಬಳಿ ಚೆಲ್ಲಿತು, ಸದ್ಯ ಸುಡಲಿಲ್ಲ. ಗ್ರಾಹಕ ಸೇವೆಗೆ ಫೋಟೊ ಸಮೇತ ಬರೆದೆ. ಹನ್ನೆರಡು ದಿನದ ಮೇಲೆ ‘ಇದು ಸಹಜ, ಬಿಗಿ ಮಾಡಿಕೊಳ್ಳಿ’ ಎಂಬ ಉತ್ತರ ಬಂತು. ಕಾವಿಗೆ ಮರ ಒಣಗಿ ಕುಗ್ಗುವುದು ಸಹಜವೇ ಇರಬಹುದು, ಆದರೆ ಅದನ್ನು ಮೊದಲೇ ಹೇಳಬೇಕಿತ್ತು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಹಿಡಿಯ ಬುಡದ ಸ್ಕ್ರೂ ಬಿಗಿ ಮಾಡುತ್ತೇನೆ. ಕಾಲು ಸುತ್ತು ತಿರುಗಿಸಿದರೆ ಸಾಕು. ಸ್ಕ್ರೂಡ್ರೈವರನ್ನು ಚಮಚಗಳ ಡ್ರಾಯರ್‌ನಲ್ಲೇ, ಉದ್ದ ಸೌಟಿನ ಪಕ್ಕದಲ್ಲಿ ಇಟ್ಟಿದ್ದೇನೆ.